ಹೋಮ್ಸ್–ನಾರ್ಟನ್, 1978: ಹದಿನೈದನೇ ರೌಂಡ್ ನೀವು ಯಾರಿಗೆ ಕೊಡ್ತೀರಿ?

ನೀರ್ಚಾಲಿನವ

1986ರಲ್ಲಿ ನಮ್ಮ ಭಾವ ದುಬೈಯಿಂದ ಬರುವಾಗ ಒಂದು ವಿಸಿಆರ್ ತಂದಿದ್ದರು. ಜೊತೆಗೆ ಒಂದು ಬಾಕ್ಸಿಂಗ್ ಕ್ಯಾಸೆಟ್. ಸಂಜೆಯಾದರೆ ನಮ್ಮಲ್ಲಿ ವೋಲ್ಟೇಜ್ ಇರುತ್ತಿರಲಿಲ್ಲ, ಸ್ಟೆಬಿಲೈಸರ್ ಟಕ್ ಟಕ್ ಅನ್ನುತ್ತಲೇ ಇರುತ್ತಿತ್ತು. ಹಾಗಾಗಿ ಮಧ್ಯಾಹ್ನ ಊಟ ಆದ ಮೇಲೆ ಚಾವಡಿಯಲ್ಲಿ ಕೂತು ನೋಡಿದೆವು. ನನಗೆ ಆಗ ಹನ್ನೆರಡು ವರ್ಷ. ಭಾವ ಹಳೆ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಗೆರೆ ಎಳೆದು ನನ್ನ ಕೈಗೆ ಪೆನ್ಸಿಲ್ ಕೊಟ್ಟರು. "ರೌಂಡ್ ಗೆದ್ದವನಿಗೆ ಹತ್ತು, ಸೋತವನಿಗೆ ಒಂಬತ್ತು. ನೀನೇ ಬರಿ. ಯಾರು ಗೆದ್ದದ್ದು ಅಂತ ನಾನು ಹೇಳುವುದಿಲ್ಲ" ಅಂದರು.

ಅದು ಲ್ಯಾರಿ ಹೋಮ್ಸ್ ಮತ್ತು ಕೆನ್ ನಾರ್ಟನ್ ನಡುವೆ ಡಬ್ಲ್ಯೂಬಿಸಿ (ವಿಶ್ವ ಬಾಕ್ಸಿಂಗ್ ಮಂಡಳಿ) ಹೆವಿವೇಟ್ ಪಟ್ಟಕ್ಕೆ ನಡೆದ ಪಂದ್ಯ. 1978 ಜೂನ್ 9, ಲಾಸ್ ವೇಗಸ್. ಹದಿನೈದನೇ ರೌಂಡಿನ ಗಂಟೆ ಹೊಡೆಯಿತು, ಟೇಪ್ ಅಲ್ಲಿಗೇ ಮುಗಿಯಿತು. ತೀರ್ಪು ಅದರಲ್ಲಿ ಇರಲೇ ಇಲ್ಲ. ನನ್ನ ಲೆಕ್ಕದಲ್ಲಿ ನಾರ್ಟನ್ ಗೆದ್ದಿದ್ದ. ಹೋಮ್ಸ್ ಗೆದ್ದದ್ದು ಅಂತ ಗೊತ್ತಾಗುವಾಗ ನಾನು ಕಾಲೇಜಿಗೆ ಹೋಗುತ್ತಿದ್ದೆ. ಅವತ್ತು ನಿಜವಾಗಿ ಬೇಜಾರಾಗಿತ್ತು.

ಕಳೆದ ವಾರ ಫೋನಿನಲ್ಲಿ ಮೂರು ಸಲ ನೋಡಿದೆ. 14 ರೌಂಡ್ ಆಗುವಾಗ ನನ್ನದು ಏಳು–ಏಳು, ಅಂದರೆ 133–133. ಮೂವರು ತೀರ್ಪುಗಾರರ ಚೀಟಿಯಲ್ಲೂ ಹಾಗೆಯೇ ಇತ್ತು. ಕೊನೆಗೆ ಇಬ್ಬರು ಹೋಮ್ಸ್‌ಗೆ 143–142 ಕೊಟ್ಟರು, ಒಬ್ಬರು ಅದೇ 143–142 ನಾರ್ಟನ್‌ಗೆ. ಇಡೀ ಪಟ್ಟ ಕೊನೆಯ ಮೂರು ನಿಮಿಷದಲ್ಲಿ ನಿಂತಿತ್ತು. ಆ ರೌಂಡಿನ ಶುರುವಿನಲ್ಲಿ ನಾರ್ಟನ್ ಜೋರು, ಮುಗಿಯುವ ಹೊತ್ತಿಗೆ ಹೋಮ್ಸ್ ಜೋರು. ಯಾವುದಕ್ಕೆ ತೂಕ ಜಾಸ್ತಿ? ನನಗಿನ್ನೂ ಬಗೆಹರಿದಿಲ್ಲ.

ಪೆರ್ಲದವ

ಒಂದು ರೌಂಡ್ ಹಿಡಿದು ಕೂತರೆ ಆ ಪಂದ್ಯದ ರುಚಿ ಸಿಗುವುದಿಲ್ಲ ಮಾರಾಯ್ರೇ. ನಾರ್ಟನ್ 1973ರಲ್ಲಿ ಸ್ಯಾನ್ ಡಿಯಾಗೋದಲ್ಲಿ ಮುಹಮ್ಮದ್ ಅಲಿಯ ದವಡೆ ಮುರಿದವನು. ಅವನ ಗುರು ಎಡ್ಡಿ ಫಚ್ ಹೇಳಿಕೊಟ್ಟದ್ದು ಇಷ್ಟೇ: ಅಲಿ ಎಡಗೈ ಜ್ಯಾಬ್ (ಮುಂದಿನ ಕೈಯಿಂದ ಚುರುಕಾಗಿ ಬಿಡುವ ನೇರ ಪೆಟ್ಟು) ಬಿಡುವಾಗ ನೀನೂ ಬಿಡು, ಆಗ ಅವನ ಬಲಗೈ ಇರಬೇಕಾದ ಜಾಗದಲ್ಲಿ ಇರುವುದಿಲ್ಲ. ಹೋಮ್ಸ್ ಹತ್ತಿರ ಆ ಉಪಾಯ ನಡೆಯಲಿಲ್ಲ. ಅವನ ಜ್ಯಾಬ್ ಹೋದಷ್ಟೇ ಬೇಗ ವಾಪಸ್ ಬರುತ್ತದೆ.

ಅದಕ್ಕೇ ಶುರುವಿನ ರೌಂಡುಗಳು ಹೆಚ್ಚಿನವು ಹೋಮ್ಸ್‌ಗೆ ಹೋದವು. ಆಮೇಲೆ ನಾರ್ಟನ್ ತೋಳುಗಳನ್ನು ಮುಖಕ್ಕೆ ಅಡ್ಡ ಹಿಡಿದು, ಬಗ್ಗಿ, ಒಳಗೆ ನುಗ್ಗಿದ. ತಲೆಯ ಆಸೆ ಬಿಟ್ಟು ಹೊಟ್ಟೆ, ಪಕ್ಕೆಗೆ ಹೊಡೆದ. ಹೋಮ್ಸ್‌ಗೆ ಪಂದ್ಯದ ಕೆಲವೇ ದಿನ ಮೊದಲು ಎಡತೋಳಿಗೆ ಪೆಟ್ಟಾಗಿತ್ತು ಅನ್ನುವುದನ್ನೂ ನೆನಪಿಡಿ. ಆ ತೋಳಿನಲ್ಲೇ 15 ರೌಂಡ್ ಜ್ಯಾಬ್ ಹೊಡೆದಿದ್ದಾನೆ! ನನ್ನ ಮತ ಹೋಮ್ಸ್‌ಗೆ.

ಕುಂಬಳೆ ಶ್ರೋತೃ

ಬಾಕ್ಸಿಂಗ್ ನನಗೆ ಅಷ್ಟು ಗೊತ್ತಿಲ್ಲ, ಆದರೆ ತಾಳಮದ್ದಳೆ ಕೇಳಿ ಬೆಳೆದವನು. ಅಲ್ಲೂ ಇದೇ ಕಥೆ. ಒಬ್ಬ ಅರ್ಥಧಾರಿ ಒಂದು ಗಂಟೆ ಪ್ರಶ್ನೆ ಹಾಕಿ ಎದುರಿನವನನ್ನು ಕಟ್ಟಿಹಾಕಿರುತ್ತಾನೆ. ಇನ್ನೊಬ್ಬ ಪ್ರಸಂಗ ಮುಗಿಯುವಾಗ ಒಂದು ಒಳ್ಳೆಯ ಮಾತು ಹೇಳಿ ಚಪ್ಪಾಳೆ ತೆಗೆದುಕೊಳ್ಳುತ್ತಾನೆ. ಮನೆಗೆ ಹೋಗುವಾಗ ಎಲ್ಲರ ಬಾಯಲ್ಲಿ ಎರಡನೆಯವನೇ. ನೀವು ನೋಡಿದ ರೌಂಡಿನಲ್ಲೂ ಹೀಗೆ ಆಗಿರಬಹುದು, ಅಲ್ವಾ?

ಮಂಜೇಶ್ವರದಾಕೆ

ಮಂಗಳೂರಿನಲ್ಲಿ ಕಾಲೇಜು ತಂಡಕ್ಕೆ ಬಾಕ್ಸಿಂಗ್ ಆಡಿದವಳು ನಾನು. ಕುಂಬಳೆಯವರು ಹೇಳಿದ್ದು ಸರಿಯೇ, ಕೊನೆಯ ಅರ್ಧ ನಿಮಿಷ ಕಣ್ಣಿಗೆ ಕಟ್ಟಿಬಿಡುತ್ತದೆ. ಅದಕ್ಕೆ ಒಂದು ದಾರಿ ಉಂಟು. ಅಣ್ಣ, ಸೌಂಡ್ ಪೂರ್ತಿ ತೆಗೆದು ನೋಡಿ. ಜನರ ಕೂಗು, ಕಾಮೆಂಟರಿ ಎರಡೂ ಬೇಡ. ಗ್ಲೌಸಿಗೆ, ತೋಳಿಗೆ ಬಿದ್ದದ್ದನ್ನು ಬಿಡಿ. ಮುಖಕ್ಕೋ ಪಕ್ಕೆಗೋ ನೇರ ಬಿದ್ದದ್ದಕ್ಕೆ ಮಾತ್ರ ಒಂದೊಂದು ಗೆರೆ ಹಾಕಿ. ಮೊದಲ ನಿಮಿಷದ ಗೆರೆಗೂ ಕೊನೆಯ ನಿಮಿಷದ ಗೆರೆಗೂ ಬೆಲೆ ಒಂದೇ.

ಮತ್ತೆ ನಾರ್ಟನ್ ಕಾಲು ನೋಡಿ. ಮುಂದೆ ಬರುವ ನಾರ್ಟನ್ ಬೇರೆ, ಹಿಂದೆ ಸರಿಯುವ ನಾರ್ಟನ್ ಬೇರೆ. 1974ರಲ್ಲಿ ಕರಾಕಸ್‌ನಲ್ಲಿ ಆಗಿನ ಹೆವಿವೇಟ್ ಚಾಂಪಿಯನ್ ಜಾರ್ಜ್ ಫೋರ್‌ಮನ್ ಅವನನ್ನು ಹಿಂದೆ ತಳ್ಳಿದ, ಎರಡೇ ರೌಂಡಿನಲ್ಲಿ ಮುಗಿಯಿತು.

ನೀರ್ಚಾಲಿನವ

ತಂಗಿ, ನೀವು ಹೇಳಿದ ಹಾಗೆ ಮಾಡಿದೆ. ಮ್ಯೂಟ್ ಮಾಡಿ, ಕಾಗದ ಇಟ್ಟುಕೊಂಡು, ನಿಲ್ಲಿಸಿ ನಿಲ್ಲಿಸಿ ನೋಡಿದೆ. ಸೌಂಡ್ ಇಲ್ಲದಿದ್ದರೆ ಅದು ಬೇರೆಯೇ ಪಂದ್ಯ. ಶುರುವಿನಲ್ಲಿ ನಾರ್ಟನ್ ಹೊಡೆದದ್ದರಲ್ಲಿ ಎಷ್ಟೋ ತೋಳಿನ ಮೇಲೆ ಬಿದ್ದಿವೆ. ಹನ್ನೆರಡು ವರ್ಷದ ಹುಡುಗನಿಗೆ ಅದು ಕಂಡಿರಲಿಲ್ಲ. ಗೆರೆ ಹೋಮ್ಸ್ ಬದಿಯಲ್ಲೇ ಜಾಸ್ತಿ. ಬರೆದೆ, 10–9 ಹೋಮ್ಸ್.

ಬರೆಯುವಾಗ ಸಂಕಟವಾಯಿತು. ನಾರ್ಟನ್ ಪಟ್ಟಕ್ಕಾಗಿ ಮೂರು ಸಲ ರಿಂಗ್ ಹತ್ತಿದ. ಫೋರ್‌ಮನ್, ಅಲಿ, ಹೋಮ್ಸ್. ಮೂರರಲ್ಲೂ ಸೋತ. ಡಬ್ಲ್ಯೂಬಿಸಿ ಬೆಲ್ಟ್ ಅವನಿಗೆ ಕೂತಲ್ಲಿಗೆ ಬಂದದ್ದು. ಜಿಮ್ಮಿ ಯಂಗ್‌ನನ್ನು ಸೋಲಿಸಿದ್ದನ್ನು ಲೆಕ್ಕಕ್ಕೆ ಹಿಡಿದು ಅವನನ್ನು ಚಾಂಪಿಯನ್ ಅಂತ ಘೋಷಿಸಿದ್ದು. ಅದನ್ನು ರಿಂಗಿನಲ್ಲಿ ಉಳಿಸಿಕೊಳ್ಳಲು ಸಿಕ್ಕಿದ್ದ ಒಂದೇ ಅವಕಾಶ ಈ ರಾತ್ರಿ. ಹೋದದ್ದು ಒಂದು ಅಂಕದಲ್ಲಿ.

ನಿನ್ನೆ ಭಾವನಿಗೆ ಫೋನ್ ಮಾಡಿ ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾನು ಈಗಲೂ ನಾರ್ಟನ್ ಅಂತಲೇ ಹೇಳುವುದು. ಭಾನುವಾರ ಬಾ, ನನಗೆ ತೋರಿಸು" ಅಂದರು. ಆ ಕ್ಯಾಲೆಂಡರ್ ಹಾಳೆ ಅಮ್ಮನ ಪೆಟ್ಟಿಗೆಯಲ್ಲಿ ಉಂಟಂತೆ. ಹೋಗುವಾಗ ಅದನ್ನೂ ತೆಗೆದುಕೊಂಡು ಹೋಗುತ್ತೇನೆ.