ಮೊಟ್ಟೆ ಸರಿಯಾಗಿ ಬೇಯಿಸೋದು ಹೇಗೆ? ಸಹಾಯ ಬೇಕು

ಎಲ್ರಿಗೂ ನಮಸ್ಕಾರ. ನಮ್ಮನೇಲಿ ಇದುವರೆಗೂ ಮೊಟ್ಟೆ ತಂದಿದ್ದೇ ಇಲ್ಲ, ಈಗ ಆರು ವರ್ಷದ ಮಗಳಿಗೆ ತೂಕ ಕಮ್ಮಿ ಇದೆ ದಿನಾ ಒಂದು ಮೊಟ್ಟೆ ಕೊಡಿ ಅಂದ್ರು ಡಾಕ್ಟ್ರು, ನಮ್ಮತ್ತೆನೂ ಮಗು ಚೆನ್ನಾಗಿದ್ರೆ ಸಾಕಮ್ಮ ಅಂತ ಒಪ್ಕೊಂಡ್ರು, ಅದಕ್ಕೇ ಅಂತ ಬೇರೆ ಪಾತ್ರೆ ತಂದಿಟ್ಟಿದೀನಿ.

ಒಂದು ವಾರದಿಂದ ಬೇಯಿಸ್ತಿದೀನಿ, ಸುಲಿಯೋಕೆ ಹೋದ್ರೆ ಬಿಳಿ ಭಾಗ ಎಲ್ಲಾ ಸಿಪ್ಪೆ ಜೊತೆನೇ ಕಿತ್ಕೊಂಡು ಬರತ್ತೆ, ಮೇಲೆಲ್ಲಾ ಗುಳಿ ಗುಳಿ. ಪಕ್ಕದ್ಮನೆ ಅಕ್ಕ ಹೇಳಿದ್ರು ತೀರಾ ಫ್ರೆಶ್ ಮೊಟ್ಟೆ ಹಂಗೇ ಅಂಟ್ಕೊಳತ್ತೆ, ಒಂದ್ವಾರ ಫ್ರಿಜ್ಜಲ್ಲಿಟ್ಟು ಆಮೇಲೆ ಕುದಿಯೋ ನೀರಿಗೆ ಹಾಕು, ಬೆಂದ ತಕ್ಷಣ ತಣ್ಣೀರಿಗೆ ಬಿಡು ಅಂತ. ನಿನ್ನೆ ಹಂಗೇ ಮಾಡ್ದೆ, ಸಿಪ್ಪೆ ಚೆನ್ನಾಗಿ ಬಂತು, ಆದ್ರೆ ಹಸಿ ಉಳಿದ್ರೆ ಅಂತ ಭಯಕ್ಕೆ 20 ನಿಮಿಷ ಕುದಿಸ್ಬಿಟ್ಟೆ, ಹಳದಿ ಸುತ್ತ ಹಸಿರು ಬಳೆ ತರ ಆಗಿತ್ತು, ಜಾಸ್ತಿ ಬೆಂದ್ರೆ ಹಂಗಾಗತ್ತೆ ತಿಂದ್ರೆ ಏನೂ ಆಗಲ್ಲ ಅಂತ ಅಕ್ಕ ಅಂದ್ರೂ ಪಾಪ ಮಗು ನೋಡಿ ಮುಟ್ಲೇ ಇಲ್ಲ, ನಂಗೆ ತುಂಬಾ ಬೇಜಾರಾಯ್ತು.

ನಾವಿರೋದು ಬೆಂಗಳೂರು, ಸುಮಾರು 900 ಮೀಟರ್ ಎತ್ತರ, ಇಲ್ಲಿ ನೀರು 97 ಡಿಗ್ರಿಗೇ ಕುದಿಯತ್ತಂತಲ್ಲ, ಹಂಗಾದ್ರೆ 10 ನಿಮಿಷ ಸಾಕಾ 12 ಬೇಕಾ? ಇಲ್ಲೇ ಮಾಡಿ ನೋಡಿರೋರು ಹೇಳಿ. ಇನ್ನೊಂದು, ಆಮ್ಲೆಟ್ ಕಬ್ಬಿಣದ ಕಾವಲಿಗೆ ಅಂಟದೇ ಇರೋಕೆ ಉರಿ ಎಷ್ಟಿಡ್ಬೇಕು, ಮಕ್ಳಿಗೆ ವಾಸ್ನೆ ಬರ್ದಂಗೆ ಮೆಣಸು ಅರಿಶಿನ ಬಿಟ್ಟು ಬೇರೇನು ಹಾಕ್ತೀರ? ಬೆಳಗ್ಗೆ 8ಕ್ಕೆ ಸ್ಕೂಲ್ ವ್ಯಾನ್ ಬರತ್ತೆ, ಅಷ್ಟರೊಳಗೆ ಆಗೋ ತರ ಹೇಳಿ ಪ್ಲೀಸ್.