ಸಾದಾ ಡಿಸಿ ಮೋಟರ್‌ನಿಂದ ಸರ್ವೋ ಮಾಡ್ತಿದೀನಿ, ಹೇಳಿದ ಜಾಗದಲ್ಲಿ ನಿಲ್ತಾನೇ ಇಲ್ಲ

ತಿರುಗಣಿ (ಪ್ರಶ್ನೆ):

ಎಲ್ರಿಗೂ ನಮಸ್ಕಾರ. ಒಂದು ರೋಬೋಟ್ ತೋಳಿಗೆ ಭುಜದ ಜಾಯಿಂಟ್ ಮಾಡ್ತಾ ಇದೀನಿ, ಆ ಭಾರ ಎತ್ತೋದು ಚಿಕ್ಕ ಹಾಬಿ ಸರ್ವೋ (ಹೇಳಿದ ಕೋನಕ್ಕೆ ಹೋಗಿ ನಿಲ್ಲೋ ಮೋಟರ್) ಕೈಲಿ ಆಗಲ್ಲ, ಅದಕ್ಕೆ ಹತ್ರ ಇದ್ದ 12 ವೋಲ್ಟ್ ಗೇರ್ ಮೋಟರನ್ನೇ (ಔಟ್‌ಪುಟ್ ಶಾಫ್ಟ್ 60 ಆರ್‌ಪಿಎಂ) ಸರ್ವೋ ಮಾಡೋಣ ಅಂತ ಹೊರಟೆ. ಶಾಫ್ಟ್‌ಗೆ 10ಕೆ ಪೊಟೆನ್ಶಿಯೋಮೀಟರ್ (ಪಾಟ್, ತಿರುಗಿದ ಕೋನಕ್ಕೆ ತಕ್ಕ ವೋಲ್ಟೇಜ್ ಕೊಡೋ ರೆಸಿಸ್ಟರ್) ಜೋಡಿಸಿದೀನಿ, ನಡುವಿನ ಕಾಲು ಆರ್ಡುಯಿನೋ ಊನೋ ಬೋರ್ಡಿನ ಎ0 ಪಿನ್ನಿಗೆ, ಮೋಟರ್‌ಗೆ ಎಲ್298ಎನ್ ಡ್ರೈವರ್.

ಕೋಡ್ ಏನೂ ದೊಡ್ಡದಲ್ಲ, ಪಾಟ್ ರೀಡಿಂಗ್ ಟಾರ್ಗೆಟ್‌ಗಿಂತ ಕಮ್ಮಿ ಇದ್ರೆ ಮುಂದೆ ತಿರುಗು, ಜಾಸ್ತಿ ಇದ್ರೆ ಹಿಂದೆ ತಿರುಗು, ಸಮ ಆದ್ರೆ ನಿಲ್ಲು, ಅಷ್ಟೇ. ಆದ್ರೆ ಅದು ನಿಲ್ಲಲ್ಲ! ಟಾರ್ಗೆಟ್ ದಾಟಿ ಹೋಗುತ್ತೆ, ವಾಪಸ್ ಬರುತ್ತೆ, ಮತ್ತೆ ದಾಟುತ್ತೆ, ಹೀಗೇ ಕಟಕಟ ಅಂತ ಆಡ್ತಾನೇ ಇರುತ್ತೆ. ಇನ್ನೊಂದು, ಪವರ್ ಕೊಟ್ಟ ತಕ್ಷಣ ಒಂದು ಕಡೆಗೆ ಜೋರಾಗಿ ಓಡಿ ಕೊನೆಗೆ ಹೋಗಿ ಗುದ್ದುತ್ತೆ, ಪಾಟ್ ಮುರಿಯುತ್ತೇನೋ ಅಂತ ಭಯ. ಸೀರಿಯಲ್ ಮಾನಿಟರ್‌ನಲ್ಲಿ ಪೊಸಿಷನ್, ಟಾರ್ಗೆಟ್, ಎರರ್ (ಇವೆರಡರ ವ್ಯತ್ಯಾಸ) ಮೂರೂ ಪ್ರಿಂಟ್ ಮಾಡಿ ನೋಡ್ದೆ, ರೀಡಿಂಗ್ ಸರಿಯಾಗೇ ಬರ್ತಿದೆ. ಪಿಐಡಿ (ಎರರ್ ನೋಡಿ ಮೋಟರ್ ಪವರ್ ಲೆಕ್ಕ ಹಾಕೋ ವಿಧಾನ) ಲೈಬ್ರರಿ ಹಾಕಿದ್ರೆ ಸರಿಹೋಗುತ್ತಾ, ಇಲ್ಲ ಡ್ರೈವರ್ರೇ ಬದಲಾಯಿಸ್ಬೇಕಾ?

ಗೇರುಮರಿ:

ಪಿಐಡಿ ಹಾಕಿ, ಮುಗೀತು. ಮುಂದೆ ಹಿಂದೆ ಅಂತ ಫುಲ್ ಸ್ಪೀಡಲ್ಲಿ ಓಡಿಸಿದ್ರೆ ಯಾವ ಮೋಟರೂ ಟಕ್ ಅಂತ ನಿಲ್ಲಲ್ಲ. ರೆಡಿ ಲೈಬ್ರರಿ ಇದೆ, ಮೂರು ನಂಬರ್ ಟ್ಯೂನ್ ಮಾಡ್ಕೊಂಡ್ರೆ ಆಯ್ತು.

ತಂತಿ_ಬೆಸುಗೆ:

ಲೈಬ್ರರಿ ಆಮೇಲೆ. ಈಗಲೇ ಪಿಐಡಿ ಹಾಕಿದ್ರೆ ಮೂರು ನಂಬರ್ ಹಿಡ್ಕೊಂಡು ರಾತ್ರಿಯಿಡೀ ಒದ್ದಾಡ್ತೀರ, ಯಾಕಂದ್ರೆ ತೊಂದರೆ ಬೇರೆ ಕಡೆ ಇದೆ.

ಒಂದು ಪ್ರಶ್ನೆ, ಸೀರಿಯಲ್ 9600ರಲ್ಲಿ ಇಟ್ಟಿದೀರಾ? ಹಾಗಿದ್ರೆ ಕಳ್ಳ ಅಲ್ಲೇ ಇದಾನೆ. 9600 ಬಾಡ್‌ನಲ್ಲಿ ಒಂದು ಅಕ್ಷರ ಹೋಗೋಕೆ ಹೆಚ್ಚುಕಮ್ಮಿ 1 ಮಿಲಿಸೆಕೆಂಡ್ ಬೇಕು. ನೀವು ಪ್ರತಿ ಲೂಪ್‌ನಲ್ಲೂ ಮೂರು ನಂಬರ್ ಪ್ರಿಂಟ್ ಮಾಡಿದ್ರೆ ಸಾಲಿಗೆ 20 ಅಕ್ಷರ ಅಂತ ಇಟ್ಕೊಳ್ಳಿ, ಬಫರ್ ತುಂಬಿದ ಮೇಲೆ ಲೂಪ್ ಒಂದು ಸುತ್ತಿಗೆ 20 ಮಿಲಿಸೆಕೆಂಡ್ ತಗೊಳುತ್ತೆ. 60 ಆರ್‌ಪಿಎಂ ಅಂದ್ರೆ ಸೆಕೆಂಡಿಗೆ 360 ಡಿಗ್ರಿ. 20 ಮಿಲಿಸೆಕೆಂಡಲ್ಲಿ ಶಾಫ್ಟ್ 7 ಡಿಗ್ರಿ ತಿರುಗಿರುತ್ತೆ! ನಿಮ್ಮ ಕೋಡ್ ಕಣ್ಣು ಬಿಡೋ ಹೊತ್ತಿಗೆ ಟಾರ್ಗೆಟ್ ದಾಟಿ ಹೋಗಿರುತ್ತೆ, ಇನ್ನು ಸಮ ಆಗೋದು ಯಾವಾಗ. 115200ಕ್ಕೆ ಏರಿಸಿ, 20 ಲೂಪಿಗೆ ಒಂದ್ಸಲ ಮಾತ್ರ ಪ್ರಿಂಟ್ ಮಾಡಿ.

ಎರಡನೇದು, ಸಮ ಆದ್ರೆ ನಿಲ್ಲು ಅನ್ನೋದೇ ಆಗದ ಮಾತು. ಊನೋದ ಎಡಿಸಿ (ವೋಲ್ಟೇಜನ್ನ ನಂಬರ್ ಮಾಡೋ ಭಾಗ) 10 ಬಿಟ್, 0ಯಿಂದ 1023. ಪಾಟ್ ಒಟ್ಟು 270 ಡಿಗ್ರಿ ತಿರುಗುತ್ತೆ ಅಂದ್ರೆ ಡಿಗ್ರಿಗೆ 3.8 ಕೌಂಟ್ ಆಯ್ತು. ಶಾಫ್ಟ್ ಸುಮ್ನೆ ನಿಂತಿದ್ರೂ ರೀಡಿಂಗ್ ಒಂದೆರಡು ಕೌಂಟ್ ಅಲ್ಲಾಡ್ತಾನೇ ಇರುತ್ತೆ. ಅದಕ್ಕೇ ಡೆಡ್‌ಬ್ಯಾಂಡ್ ಇಡಿ, ಎರರ್ 4 ಕೌಂಟ್ ಒಳಗೆ ಬಂದ್ರೆ ಬಂದಂಗೇ ಲೆಕ್ಕ. ನಿಲ್ಲಿಸೋವಾಗ ಡ್ರೈವರಿನ ಎನೇಬಲ್ ಪಿನ್ ಲೋ ಮಾಡ್ಬೇಡಿ, ಮೋಟರ್ ಜಡತ್ವಕ್ಕೆ ಜಾರ್ಕೊಂಡು ಹೋಗುತ್ತೆ. ಎನೇಬಲ್ ಹೈ ಇಟ್ಟು ದಿಕ್ಕಿನ ಪಿನ್ ಇನ್1 ಇನ್2 ಎರಡನ್ನೂ ಒಂದೇ ಲೆವೆಲ್‌ಗೆ ತಂದ್ರೆ ಮೋಟರ್‌ನ ಎರಡು ತುದಿ ಶಾರ್ಟ್ ಆಗಿ ಬ್ರೇಕ್ ಬೀಳುತ್ತೆ.

ಇಷ್ಟಾದ್ಮೇಲೆ ಪಿಐಡಿಯಲ್ಲಿ ಪಿ (ಎರರ್ ಎಷ್ಟೋ ಅದಕ್ಕೆ ತಕ್ಕಷ್ಟು ಪವರ್) ಒಂದೇ ಹಾಕಿ ನೋಡಿ, ಎರರ್ ಕಮ್ಮಿ ಆಗ್ತಾ ಬಂದಂಗೆ ಪಿಡಬ್ಲ್ಯುಎಂ (ವೇಗವಾಗಿ ಆನ್ ಆಫ್ ಮಾಡಿ ಮೋಟರ್ ಪವರ್ ಹೆಚ್ಚುಕಮ್ಮಿ ಮಾಡೋದು) ಕಮ್ಮಿ. ಒಂದು ಹಂತಕ್ಕಿಂತ ಕೆಳಗೆ ಪಿಡಬ್ಲ್ಯುಎಂ ಕೊಟ್ರೆ ಮೋಟರ್ ಗುಂಯ್ ಅನ್ನುತ್ತೆ, ತಿರುಗಲ್ಲ, ಬಿಸಿ ಮಾತ್ರ ಆಗುತ್ತೆ. ಆ ಹಂತ ಎಲ್ಲಿದೆ ಅಂತ 0ಯಿಂದ ಮೆಲ್ಲಗೆ ಏರಿಸಿ ಕಂಡ್ಕೊಳ್ಳಿ, ಡೆಡ್‌ಬ್ಯಾಂಡ್ ಹೊರಗೆ ಇರೋವಾಗ ಅದಕ್ಕಿಂತ ಕೆಳಗೆ ಇಳೀಬೇಡಿ.

ಅಳತೆಗೋಲು:

ಪವರ್ ಕೊಟ್ಟಾಗ ಓಡಿ ಗುದ್ದೋ ವಿಷ್ಯ ಯಾರೂ ಮುಟ್ಟಿಲ್ವಲ್ಲ, ನಂಗೆ ಅದೇ ದೊಡ್ಡದು ಅನ್ಸುತ್ತೆ. ಎರಡು ಕಾರಣ ಇರಬಹುದು. ಟಾರ್ಗೆಟ್ ವೇರಿಯಬಲ್ ಶುರುವಲ್ಲಿ 0 ಇದ್ರೆ ಅದು ನಿಯತ್ತಾಗಿ 0ಗೆ ಓಡುತ್ತೆ, ಅದರದ್ದೇನು ತಪ್ಪು! ಸೆಟಪ್‌ನಲ್ಲಿ ಮೊದಲು ಪಾಟ್ ಓದಿ ಆ ಬೆಲೆಯನ್ನೇ ಟಾರ್ಗೆಟ್‌ಗೆ ಹಾಕಿ, ಆಗ ಎಲ್ಲಿದೆಯೋ ಅಲ್ಲೇ ನಿಂತಿರುತ್ತೆ. ಎರಡನೇ ಕಾರಣ ಫೀಡ್‌ಬ್ಯಾಕ್ ಉಲ್ಟಾ ಆಗಿರೋದು, ಆದ್ರೆ ನಿಮ್ದು ಟಾರ್ಗೆಟ್ ಸುತ್ತಾನೇ ಆಡ್ತಿದೆ ಅಂದ್ರೆ ದಿಕ್ಕು ಸರಿ ಇದೆ. ಮುಂದೆ ವೈರ್ ಬಿಚ್ಚಿ ಹಾಕಿದಾಗೆಲ್ಲ ಪರೀಕ್ಷೆ ಮಾಡೋಕೆ ಹೇಳ್ತೀನಿ: ಪಾಟನ್ನ ಶಾಫ್ಟ್‌ನಿಂದ ಬಿಡಿಸಿ ಕೈಯಲ್ಲಿ ಹಿಡ್ಕೊಳ್ಳಿ, ಟಾರ್ಗೆಟ್ 512, ಕಡಿಮೆ ಪಿಡಬ್ಲ್ಯುಎಂ. ಪಾಟನ್ನ ಒಂಚೂರು ಬಲಕ್ಕೆ ತಿರುಗಿಸಿ ಶಾಫ್ಟ್ ಯಾವ ಕಡೆ ತಿರುಗುತ್ತೆ ನೋಡಿ. ಜೋಡಿಸಿದ್ರೆ ಪಾಟನ್ನ ವಾಪಸ್ ನಡುವಿಗೆ ತರೋ ದಿಕ್ಕಿಗೆ ತಿರುಗ್ಬೇಕು, ಇನ್ನೂ ದೂರ ಒಯ್ಯೋ ಥರ ಇದ್ರೆ ಮೋಟರ್‌ನ ಎರಡು ವೈರ್ ಅದಲುಬದಲು ಮಾಡಿ, ಆಮೇಲೆ ಜೋಡಿಸಿ.

ರೀಡಿಂಗ್ 10ಕ್ಕಿಂತ ಕೆಳಗೆ ಅಥವಾ 1013ಕ್ಕಿಂತ ಮೇಲೆ ಹೋದ್ರೆ ಮೋಟರ್ ಆಫ್ ಅಂತ ಒಂದು ಸಾಲು ಬರೀರಿ. ಪಾಟಿನ ತುದಿ ಕಾಲಿನ ವೈರ್ ಕಿತ್ತು ಬಂದ ದಿನ ಅದೇ ಕಾಪಾಡೋದು.

ಡ್ರೈವರ್ ಕೇಳಿದ್ರಲ್ಲ. ಮಲ್ಟಿಮೀಟರ್‌ನಲ್ಲಿ ಮೋಟರ್ ಸುರುಳಿಯ ಓಮ್ಸ್ ನೋಡಿ, ಶಾಫ್ಟ್ ಸ್ವಲ್ಪ ಸ್ವಲ್ಪ ತಿರುಗಿಸ್ತಾ ಅತಿ ಕಮ್ಮಿ ಬಂದಿದ್ದನ್ನ ತಗೊಳ್ಳಿ. 2.4 ಓಮ್ಸ್ ಬಂದ್ರೆ 12 ಭಾಗಿಸು 2.4, ಸ್ಟಾಲ್ ಕರೆಂಟ್ (ಶಾಫ್ಟ್ ತಿರುಗದೆ ಸಿಕ್ಕಿಬಿದ್ದಾಗ ಎಳೆಯೋ ಕರೆಂಟ್) 5 ಆಂಪ್ಸ್. ಎಲ್298ಎನ್ ಚಾನೆಲ್‌ಗೆ 2 ಆಂಪ್ಸ್ ಅಷ್ಟೇ, ಮೇಲಿಂದ ಹಳೇ ಬೈಪೋಲಾರ್ ಟ್ರಾನ್ಸಿಸ್ಟರ್, 2 ವೋಲ್ಟ್ ಹತ್ರ ಅದೇ ನುಂಗುತ್ತೆ. ಅಷ್ಟು ಕರೆಂಟ್ ಬರೋದಾದ್ರೆ ಬಿಟಿಎಸ್7960 ಥರದ ಮಾಸ್‌ಫೆಟ್ ಡ್ರೈವರ್ ಹಾಕಿ.

ತಿರುಗಣಿ:

@ತಂತಿ_ಬೆಸುಗೆ ಸರ್ ನೀವು ದೇವ್ರು!! 9600ರಲ್ಲೇ ಇತ್ತು. ಬಾಡ್ ಏರಿಸಿ ಡೆಡ್‌ಬ್ಯಾಂಡ್ ಹಾಕಿದ್ಮೇಲೆ ಕಟಕಟ ಮುಕ್ಕಾಲು ಪಾಲು ಹೋಯ್ತು, ಶುರುವಲ್ಲಿ ಗುದ್ದೋದೂ ನಿಂತಿದೆ. ಮೋಟರ್ 4 ಓಮ್ಸ್ ತೋರಿಸ್ತು. ಈಗ ಇನ್ನೊಂದು, ತೋಳು ನೇರ ಮುಂದಕ್ಕೆ ಚಾಚಿದಾಗ ಟಾರ್ಗೆಟ್‌ಗಿಂತ ಐದಾರು ಡಿಗ್ರಿ ಕೆಳಗೆ ಜೋತು ಬೀಳುತ್ತೆ, ಮೇಲೆತ್ತಿ ನಿಲ್ಸಿದಾಗ ಸರಿಯಾಗಿ ನಿಲ್ಲುತ್ತೆ. ಪಿ ಜಾಸ್ತಿ ಮಾಡಿದ್ರೆ ಮತ್ತೆ ಓಲಾಟ.

ಗೇರುಮರಿ:

ನೋಡಿ, ಇಲ್ಲಿಗೆ ಪಿಐಡಿಯ ಐ ಬೇಕೇ ಬೇಕು, ನಾನು ಮೊದ್ಲೇ ಹೇಳಿದ್ದೆ 😀

ತಂತಿ_ಬೆಸುಗೆ:

ಹ್ಹ ಹ್ಹ ಒಪ್ಪಿದೆ, ಅರ್ಧ. ಪಿ ಒಂದೇ ಇದ್ರೆ ಭಾರ ಹಿಡಿಯೋಕೆ ಎರರ್ ಇರಲೇಬೇಕು, ಎರರ್ ಇಲ್ಲ ಅಂದ್ರೆ ಪವರ್ರೂ ಇಲ್ಲ, ಅದಕ್ಕೇ ಜೋತು ಬೀಳೋದು. ಐ ಹಾಕಿದ್ರೆ ಅದು ಎರರನ್ನ ಕೂಡಿಸ್ತಾ ಹೋಗಿ ಮೇಲಕ್ಕೆ ಎತ್ತುತ್ತೆ ನಿಜ. ಆದ್ರೆ ಗೇರಲ್ಲಿ ತಿಕ್ಕಾಟ ಇರೋವಾಗ ಐ ತುಂಬಿ ತುಂಬಿ ಒಮ್ಮೆಗೇ ಬಿಡಿಸ್ಕೊಂಡು ಟಾರ್ಗೆಟ್ ದಾಟುತ್ತೆ, ಆ ಕಡೆಯಿಂದ ಮತ್ತೆ ಅದೇ ಕಥೆ, ನಿಧಾನಕ್ಕೆ ಓಲಾಡ್ತಾ ಕೂತಿರುತ್ತೆ.

ನಿಮ್ದು ಭುಜ ಆಗಿರೋದ್ರಿಂದ ಸುಲಭದ ದಾರಿ ಇದೆ. ಭಾರ ಎಷ್ಟು ಎಳೆಯುತ್ತೆ ಅನ್ನೋದು ಕೋನದಿಂದಲೇ ಗೊತ್ತಾಗುತ್ತೆ, ತೋಳು ಅಡ್ಡ ಚಾಚಿದಾಗ ಅತಿ ಹೆಚ್ಚು, ನೆಟ್ಟಗೆ ನಿಂತಾಗ ಸೊನ್ನೆ. ಅಡ್ಡ ಇರೋವಾಗ ಜೋತು ಬೀಳದ ಹಾಗೆ ಹಿಡಿಯೋಕೆ ಎಷ್ಟು ಪಿಡಬ್ಲ್ಯುಎಂ ಬೇಕು ಅಂತ ಕಂಡುಹಿಡೀರಿ, ಅದನ್ನ ಅಡ್ಡದಿಂದ ಅಳೆದ ಕೋನದ ಕೊಸೈನ್‌ನಿಂದ ಗುಣಿಸಿ ಪಿ ಲೆಕ್ಕಕ್ಕೆ ಕೂಡಿಸಿ. ಉಳಿದ ಒಂದು ಡಿಗ್ರಿಗೆ ಬೇಕಾದ್ರೆ ಚೂರೇ ಚೂರು ಐ ಹಾಕಿ, ಅದಕ್ಕೂ ಒಂದು ಗರಿಷ್ಠ ಮಿತಿ ಇರಲಿ. ಆರ್ಡುಯಿನೋದ ಕಾಸ್ ಫಂಕ್ಷನ್ ರೇಡಿಯನ್ ಕೇಳುತ್ತೆ, ಡಿಗ್ರಿ ಕೊಟ್ರೆ ತೋಳು ತನಗೆ ತೋಚಿದ್ದು ಮಾಡುತ್ತೆ. ಇನ್ನೊಂದು, ಹಿಡಿಯೋಕೆ ಪವರ್ ಬೇಕು ಅಂದ್ಮೇಲೆ ಡೆಡ್‌ಬ್ಯಾಂಡ್ ಒಳಗೆ ಬ್ರೇಕ್ ಹಾಕೋ ಬದಲು ಈ ಪಿಡಬ್ಲ್ಯುಎಂ ಒಂದನ್ನೇ ಉಳಿಸ್ಕೊಳ್ಳಿ.

ಅಳತೆಗೋಲು:

4 ಓಮ್ಸ್ ಅಂದ್ರೆ ಸ್ಟಾಲ್ 3 ಆಂಪ್ಸ್, ಚಾಚಿ ಹಿಡಿದು ನಿಲ್ಸೋ ಕೆಲಸಕ್ಕೆ ಎಲ್298ಎನ್ ಕೈಕೊಡುತ್ತೆ, ಹೀಟ್‌ಸಿಂಕ್ ಮುಟ್ಟಿ ನೋಡಿ. ಡ್ರೈವರ್ ಬದಲಾಯಿಸೋದರ ಜೊತೆಗೆ ತೋಳಿಗೆ ಒಂದು ಸ್ಪ್ರಿಂಗ್ ಕಟ್ಟಿ ಭಾರ ಸರಿದೂಗಿಸಿದ್ರೆ ಮೋಟರ್‌ಗೂ ಉಸಿರು ಸಿಗುತ್ತೆ. ಪಾಟ್ ಸವೆದು ರೀಡಿಂಗ್ ಹಾರೋಕೆ ಶುರುವಾದ್ರೆ ಆವಾಗ ಎಎಸ್5600 ಮ್ಯಾಗ್ನೆಟಿಕ್ ಸೆನ್ಸರ್ ನೋಡಿ, 12 ಬಿಟ್, ಸುತ್ತಿಗೆ 4096 ಕೌಂಟ್, ಉಜ್ಜೋ ಭಾಗವೇ ಇಲ್ಲ. ಅದಕ್ಕೆ ಹಾಕೋ ಅಯಸ್ಕಾಂತದ ಉತ್ತರ ದಕ್ಷಿಣ ಧ್ರುವ ಮೇಲೆ ಕೆಳಗೆ ಇರಬಾರದು, ಬಿಲ್ಲೆಯ ಎಡ ಅರ್ಧ ಬಲ ಅರ್ಧ ಹೀಗೆ ಅಡ್ಡಕ್ಕೆ ಇರಬೇಕು. ಸಾದಾ ಬಿಲ್ಲೆ ಅಯಸ್ಕಾಂತ ಅಂಟಿಸಿದ್ರೆ ಕೋನ ಬರಲ್ಲ.