ಮೊಬೈಲ್ ಲಾಕ್: ನನ್ನ ಫೋನಿಗೆ ತೆರೆಯುತ್ತದೆ, ಹುಡುಗರ ಫೋನಿಗೆ ಆಗಾಗ ತೆರೆಯುವುದಿಲ್ಲ

ಸಪ್ತಾಪುರ_ರೀಡಿಂಗ್‌ರೂಮ್:
ನಮಸ್ಕಾರ. ಧಾರವಾಡದ ಸಪ್ತಾಪುರದಲ್ಲಿ ನಮ್ಮದೊಂದು ರೀಡಿಂಗ್ ರೂಮ್ ಇದೆ. ಕೆಎಎಸ್, ಪಿಎಸ್‌ಐ ಪರೀಕ್ಷೆಗೆ ಓದುವವರು ನಸುಕಿನಲ್ಲೇ ಬರುತ್ತಾರೆ. ಮೊದಲು ಕೀಪ್ಯಾಡ್ ಲಾಕ್ ಇತ್ತು, ಎಲ್ಲರಿಗೂ ಒಂದೇ ನಂಬರ್. ಬಿಟ್ಟು ಹೋದವರಿಗೂ ಅದು ಗೊತ್ತು, ಅವರ ಗೆಳೆಯರಿಗೂ ಗೊತ್ತು. ನಾಲ್ಕು ಗುಂಡಿಗಳ ಮೇಲಿನ ಅಂಕಿಯಂತೂ ಪೂರ್ತಿ ಅಳಿಸಿಹೋಗಿತ್ತು.

ಈಗ ಮೊಬೈಲ್‌ನಿಂದ ತೆರೆಯುವ ಕಂಟ್ರೋಲರ್ ಹಾಕಿಸಿದ್ದೇವೆ. ಬ್ಲೂಟೂತ್, ವೈಫೈ ಎರಡೂ ಇವೆ. ಮ್ಯಾಗ್ನೆಟ್ ಲಾಕ್ (ಕರೆಂಟ್ ಇರುವವರೆಗೆ ಬಾಗಿಲನ್ನು ಹಿಡಿದಿಡುವಂಥದ್ದು) ಮತ್ತು ಅಡಾಪ್ಟರ್ ಹಳೆಯವೇ. ಹುಡುಗರಿಗೆ ಆ್ಯಪ್‌ನಲ್ಲಿ ತಿಂಗಳ ಪಾಸ್ ಕೊಟ್ಟಿದ್ದೇನೆ, ಫೀ ಕಟ್ಟಿದರೆ ಮುಂದಿನ ತಿಂಗಳಿಗೆ ಹೆಚ್ಚಿಸುತ್ತೇನೆ.

ತೊಂದರೆ ಏನೆಂದರೆ, ಒಬ್ಬರು ಬಾಗಿಲು ತೆರೆದ ತಕ್ಷಣ ಕೆಲವೊಮ್ಮೆ ಆ್ಯಪ್‌ನಲ್ಲಿ ಸಂಪರ್ಕ ಕಡಿದುಹೋಗುತ್ತದೆ. ಹಿಂದೆ ಬಂದವರಿಗೆ ಬಾಗಿಲು ತೆರೆಯುವುದಿಲ್ಲ. ಸ್ವಲ್ಪ ಹೊತ್ತಾದ ಮೇಲೆ ತಾನಾಗಿಯೇ ಸರಿಹೋಗುತ್ತದೆ. ನನ್ನ ಫೋನಿಗೆ ಮಾತ್ರ ಯಾವಾಗಲೂ ತೆರೆಯುತ್ತದೆ. ಹಾಕಿದವರು "ಹುಡುಗರ ಫೋನ್ ಹಳೆಯವು" ಅನ್ನುತ್ತಾರೆ. ಪರೀಕ್ಷೆ ಹತ್ತಿರ ಇದೆ, ಮಕ್ಕಳು ಚಳಿಯಲ್ಲಿ ಹೊರಗೆ ನಿಲ್ಲಬೇಕಾಗಿದೆ. ದಯವಿಟ್ಟು ದಾರಿ ಹೇಳಿ.

ಹುಬ್ಬಳ್ಳಿ_ವೈರಿಂಗ್:
ಸರ್, ಫೋನನ್ನು ಸದ್ಯಕ್ಕೆ ಬಿಡಿ. ಎರಡು ವಿಷಯ ಹೇಳಿ. ನಿಮ್ಮ ಪಾಸ್‌ಗೆ ಕೊನೆಯ ದಿನಾಂಕ ಇದೆಯಾ? ಬಾಗಿಲು ತೆರೆಯುವಾಗ ಕಂಟ್ರೋಲರ್ ಬೋರ್ಡ್ ಮೇಲಿನ ದೀಪ ನೋಡಿದ್ದೀರಾ?

ಸಪ್ತಾಪುರ_ರೀಡಿಂಗ್‌ರೂಮ್:
ನನ್ನದು ಕಾಯಂ ಪಾಸ್ ಸರ್, ದಿನಾಂಕ ಇಲ್ಲ. ದೀಪ ಈಗ ನೋಡಿದೆ. ರಿಲೇ (ಲಾಕ್‌ನ ಕರೆಂಟ್ ಕಡಿಯುವ ಸ್ವಿಚ್) ಟಕ್ ಅಂದ ಕೂಡಲೇ ನೀಲಿ ದೀಪ ಆರಿತು. ಆಮೇಲೆ ಕೆಂಪು ಮಿಣುಕಿ ಮತ್ತೆ ನೀಲಿ ಬಂತು. ಇನ್ವರ್ಟರ್‌ಗೆ ಬದಲಾಗುವಾಗಲೂ ಹೀಗೇ ಆಗುತ್ತದೆ.

ಹುಬ್ಬಳ್ಳಿ_ವೈರಿಂಗ್:
ಹಾಗಾದರೆ ಸಿಕ್ಕಿತು. ಬೋರ್ಡ್ ರೀಸ್ಟಾರ್ಟ್ ಆಗುತ್ತಿದೆ. ಆರಿ ಹತ್ತಿದಾಗ ಅದರ ಗಡಿಯಾರ ಅಳಿಸಿಹೋಗುತ್ತದೆ. ವೈಫೈ ಹಿಡಿದು ಇಂಟರ್ನೆಟ್‌ನಿಂದ ಸಮಯ ತರುವವರೆಗೆ ಅದಕ್ಕೆ ಇವತ್ತಿನ ತಾರೀಕು ಗೊತ್ತಿರುವುದಿಲ್ಲ. ದಿನಾಂಕ ಇರುವ ಪಾಸ್‌ಗಳನ್ನೆಲ್ಲ ಆಗ ತಿರಸ್ಕರಿಸುತ್ತದೆ. ನಿಮ್ಮದಕ್ಕೆ ದಿನಾಂಕವೇ ಇಲ್ಲ, ಅದಕ್ಕೇ ತೆರೆಯುತ್ತದೆ. ಹುಡುಗರ ಫೋನಿನದು ಏನೂ ತಪ್ಪಿಲ್ಲ.

ರೀಸ್ಟಾರ್ಟ್ ಯಾಕೆ ಅಂದರೆ, ಮ್ಯಾಗ್ನೆಟ್ ಲಾಕ್ ಒಂದು ದೊಡ್ಡ ಕಾಯಿಲ್, ಅಂದರೆ ತಂತಿಯ ಸುರುಳಿ. ಅದರ ಕರೆಂಟ್ ಕಡಿದ ಕ್ಷಣದಲ್ಲಿ ಜೋರಾದ ವೋಲ್ಟೇಜ್ ಏಟು ವಾಪಸ್ ಬರುತ್ತದೆ. ಹಳೆಯ ಕೀಪ್ಯಾಡ್ ತಡೆದುಕೊಂಡಿತ್ತು, ವೈಫೈ ಬೋರ್ಡ್ ತಡೆದುಕೊಳ್ಳುತ್ತಿಲ್ಲ. ಲಾಕ್‌ನ ಎರಡು ವೈರ್‌ಗಳ ನಡುವೆ, ಲಾಕ್‌ನ ಹತ್ತಿರವೇ ಒಂದು 1ಎನ್4007 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಹಾಕಿ. ಬೆಳ್ಳಿ ಪಟ್ಟಿ ಇರುವ ಕಡೆ ಪ್ಲಸ್‌ಗೆ ಬರಬೇಕು. ಉಲ್ಟಾ ಹಾಕಿದರೆ ನೇರ ಶಾರ್ಟ್ ಆಗುತ್ತದೆ, ಹುಷಾರು. ಎರಡು ಮೂರು ರೂಪಾಯಿಯ ಸಾಮಾನು, ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೂ ಸಿಗುತ್ತದೆ. ಡಯೋಡ್ ಹಾಕಿದರೆ ಲಾಕ್ ಬಿಡುವುದು ಒಂಚೂರು ತಡ ಆಗಬಹುದು, ಅದಕ್ಕೆ ಗಾಬರಿ ಬೇಡ.

ಜೊತೆಗೆ ಮಲ್ಟಿಮೀಟರ್ ಹಿಡಿದು ಬೋರ್ಡ್‌ನ ಪವರ್ ಪಾಯಿಂಟ್‌ನಲ್ಲಿ ಅಳೆಯಿರಿ. ಬಾಗಿಲು ಹಾಕಿರುವಾಗಲೇ ಅಳೆಯಬೇಕು, ಲೋಡ್ ಇರುವುದು ಆಗಲೇ.

ಸಪ್ತಾಪುರ_ರೀಡಿಂಗ್‌ರೂಮ್:
10.7 ವೋಲ್ಟ್ ತೋರಿಸುತ್ತಿದೆ. ಅಡಾಪ್ಟರ್ ಮೇಲೆ 12 ವೋಲ್ಟ್, 1 ಆಂಪಿಯರ್ ಅಂತ ಇದೆ.

ಹುಬ್ಬಳ್ಳಿ_ವೈರಿಂಗ್:
ಕಡಿಮೆ ಆಯಿತು. ಈ ತರಹದ ಲಾಕ್ ಒಂದೇ ಸುಮಾರು ಅರ್ಧ ಆಂಪಿಯರ್ ಎಳೆಯುತ್ತದೆ. ಹಳೆಯ ಅಡಾಪ್ಟರ್ ಬಿಟ್ಟು, ಬ್ಯಾಟರಿ ಚಾರ್ಜ್ ಮಾಡುವ 12 ವೋಲ್ಟ್ 3 ಆಂಪಿಯರ್‌ನ ಆಕ್ಸೆಸ್ ಕಂಟ್ರೋಲ್ ಪವರ್ ಸಪ್ಲೈ ಹಾಕಿ. 7 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ಸಾಕು. ಲೆಕ್ಕದ ಪ್ರಕಾರ ಲಾಕ್ ಒಂದನ್ನೇ 14 ಗಂಟೆ ಹಿಡಿಯಬೇಕು. ಬೋರ್ಡ್ ಸೇರಿ, ಬ್ಯಾಟರಿ ಹಳತಾದ ಮೇಲೆ ಅಷ್ಟು ಬರುವುದಿಲ್ಲ, ಆದರೂ ಒಂದು ರಾತ್ರಿಗೆ ಚಿಂತೆ ಇಲ್ಲ. ಇನ್ವರ್ಟರ್ ಬದಲಾಗುವಾಗಿನ ತೊಂದರೆಯೂ ಹೋಗುತ್ತದೆ. ಬೋರ್ಡ್‌ನಲ್ಲಿ ಗಡಿಯಾರದ ಸೆಲ್‌ಗೆ ಜಾಗ ಇದ್ದರೆ ಅದನ್ನೂ ಹಾಕಿಸಿ.

ಗದಗ_ಲ್ಯಾಬ್:
ನಡುವೆ ಒಂದು ಮಾತು. ಬೋರ್ಡ್ ಹಳೆಯ ಕೀಪ್ಯಾಡ್ ಜಾಗದಲ್ಲೇ, ಬಾಗಿಲ ಹೊರಗೆ ಇದೆಯಾ? ಇದ್ದರೆ ಇವತ್ತೇ ಒಳಗೆ ಹಾಕಿಸಿ. ರಿಲೇ ಹೊರಗಿದ್ದರೆ ಸ್ಕ್ರೂ ಬಿಚ್ಚಿ ಲಾಕ್‌ನ ವೈರ್ ಕಿತ್ತರೆ ಸಾಕು, ಮ್ಯಾಗ್ನೆಟ್ ಬಿಟ್ಟುಬಿಡುತ್ತದೆ. ಆಗ ಫೋನೂ ಬೇಡ, ಪಾಸೂ ಬೇಡ. ನೀವು ಹೇಳಿದ ನಾಲ್ಕು ಸವೆದ ಗುಂಡಿಗಳ ಕಥೆಯೂ ಅಷ್ಟೇ. ನಾಲ್ಕಂಕಿಯ ನಂಬರ್‌ಗೆ 10,000 ಸಾಧ್ಯತೆ ಇರುತ್ತದೆ, ಆದರೆ ಯಾವ ನಾಲ್ಕು ಗುಂಡಿ ಅಂತ ಗೊತ್ತಾದರೆ ಉಳಿಯುವುದು ಬರೀ 24. ಬದಲಾಯಿಸಿದ್ದು ಒಳ್ಳೆಯದೇ ಆಯಿತು.

ಸಪ್ತಾಪುರ_ರೀಡಿಂಗ್‌ರೂಮ್:
ಹೌದ್ರೀ, ಹೊರಗೇ ಇದೆ. ಒಳಗೆ ಹಾಕಿಸುತ್ತೇನೆ. ಇನ್ನೊಂದು, ಇಬ್ಬರ ಹತ್ತಿರ ಸಾದಾ ಫೋನ್ ಇದೆ. ಓದುವಾಗ ಮನಸ್ಸು ಹರಿಯಬಾರದು ಅಂತ ಬೇಕಂತಲೇ ಇಟ್ಟುಕೊಂಡಿದ್ದಾರೆ.

ಹುಬ್ಬಳ್ಳಿ_ವೈರಿಂಗ್:
ಅವರನ್ನು ಸ್ಮಾರ್ಟ್‌ಫೋನ್ ತಗೊಳ್ಳಿ ಅಂತ ಒತ್ತಾಯ ಮಾಡಬೇಡಿ. ಬೋರ್ಡ್‌ಗೆ ಕಾರ್ಡ್ ರೀಡರ್ ಸೇರಿಸಲು ಬರುವುದಾದರೆ ಕಾರ್ಡ್ ಕೊಡಿ, ಅದಕ್ಕೂ ತಿಂಗಳ ಗಡುವು ಇಡಬಹುದು. ಉಳಿದವರಲ್ಲಿ ಯಾರಿಗಾದರೂ ಆಮೇಲೂ ತೊಂದರೆ ಬಂದರೆ ಫೋನಿನ ಅನುಮತಿ ನೋಡಿ. ಆಂಡ್ರಾಯ್ಡ್ 12ರಿಂದ ಈಚೆಗೆ ಹತ್ತಿರದ ಸಾಧನಗಳ ಅನುಮತಿ ಕೊಡಬೇಕು. ಅದಕ್ಕಿಂತ ಹಳೆಯದಾದರೆ ಲೊಕೇಶನ್ ಆನ್ ಇಲ್ಲದೆ ಬ್ಲೂಟೂತ್ ಹುಡುಕುವುದೇ ಇಲ್ಲ.

ಸಪ್ತಾಪುರ_ರೀಡಿಂಗ್‌ರೂಮ್:
ಡಯೋಡ್, ಪವರ್ ಸಪ್ಲೈ ಎರಡೂ ಹಾಕಿಸಿದೆ. ಬಾಗಿಲು ಹಾಕಿರುವಾಗ ಈಗ 12.1 ಇದೆ. ಬೆಳಿಗ್ಗೆ ಸಾಲಾಗಿ ಬಂದರೂ ಎಲ್ಲರಿಗೂ ತೆರೆಯಿತು, ನೀಲಿ ದೀಪ ಆರಲಿಲ್ಲ. ತುಂಬಾ ಉಪಕಾರ ಆಯಿತು.

ಹುಬ್ಬಳ್ಳಿ_ವೈರಿಂಗ್:
ಸಂತೋಷ ಸರ್. ಈಗ ಬ್ಯಾಟರಿ ಇರುವುದರಿಂದ ಕರೆಂಟ್ ಹೋದರೂ ಲಾಕ್ ಬಿಡುವುದಿಲ್ಲ, ಇದು ನೆನಪಿರಲಿ. ಒಳಗಿನ ಎಕ್ಸಿಟ್ ಬಟನ್ ಬೋರ್ಡ್ ಮೂಲಕ ಹೋಗಿದ್ದರೆ ಬೋರ್ಡ್ ಕೈಕೊಟ್ಟಾಗ ಅದೂ ಕೆಲಸ ಮಾಡುವುದಿಲ್ಲ. ಲಾಕ್‌ನ ಪ್ಲಸ್ ವೈರನ್ನೇ ನೇರವಾಗಿ ಕಡಿಯುವ ಎಮರ್ಜೆನ್ಸಿ ಸ್ವಿಚ್ ಒಂದನ್ನು ಬಾಗಿಲ ಪಕ್ಕ ಹಾಕಿಸಿ. ಬೋರ್ಡ್ ಆಫ್ ಮಾಡಿ, ಲಾಕ್‌ಗೆ ಕರೆಂಟ್ ಉಳಿಸಿಕೊಂಡು, ಆ ಸ್ವಿಚ್ ಒತ್ತಿ ನೋಡಿ. ಬಾಗಿಲು ತೆರೆದರೆ ಮಾತ್ರ ಕೆಲಸ ಮುಗಿಯಿತು ಅಂತ ಲೆಕ್ಕ.